ಮುಚ್ಚಳದ ಮೇಲಿನ ಬೋಲ್ಟು

ಗುಂಡಿ ಸಾಹುಕಾರರು ದಿನಾ ಸಂಜೆ ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಹಿತ್ತಲಿನಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಹಳೇ ಮೋಟರ್‌ಸೈಕಲ್ ಏರಿ, ಕಣ್ಣು ಮುಚ್ಚಿಕೊಂಡು ಕೆರೆಯವರೆಗೆ ಹೋಗಿಬರುತ್ತಿದ್ದರು. ಅರ್ಧ ಗಂಟೆಯ ದಾರಿ. ದಿಬ್ಬದಲ್ಲಿ ಮುಂದಕ್ಕೆ ಬಾಗುವರು, ತಿರುವಿನಲ್ಲಿ ವಾಲುವರು, ನೀರಿನ ಮೇಲಿಂದ ಬಂದ ಗಾಳಿ ಬಡಿದಾಗ ಅವರ ಮುಖ ಅರಳುವುದು. ಹಿಂದಿನ ಸೀಟಿನಲ್ಲಿ ಹೆಂಡತಿ. ಅವರ ಹೆಗಲ ಮೇಲೆ ಅವಳ ಕೈ. ಆ ಗಾಡಿ ಪೆಟ್ರೋಲಿನ ಮುಖ ಕಂಡು ಇಪ್ಪತ್ತೆರಡು ವರ್ಷವಾಗಿತ್ತು. (ಇಷ್ಟು ದಿನ ಓಡಿ ಒಮ್ಮೆಯೂ ಪಂಕ್ಚರ್ ಆಗದ ಗಾಡಿ ಇನ್ನೊಂದಿಲ್ಲ.)

ನಿಜವಾದ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಕೇಳುವಳು: "ಕೆರೆ ಬಂತಾ? ಬಂದಿದ್ರೆ ಇಳೀರಿ. ಆ ಹ್ಯಾಂಡಲ್ ಮೇಲಿನ ಟವಲು ಒಣಗಿದ್ಯಾ ನೋಡಿ."

ಅವಳ ಕುಹಕಕ್ಕೆ ಕಾರಣವಿತ್ತು. ಮದುವೆಯ ಹೊಸತರಲ್ಲಿ ಸಾಹುಕಾರರು ಈ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು, "ಬಾ, ಕೆರೆ ತೋರಿಸ್ತೀನಿ" ಎಂದು ಅವಳನ್ನು ಕೂರಿಸಿಕೊಂಡು ಹೊರಟಿದ್ದರು. ಬೀದಿಯ ಮೂಲೆಯಲ್ಲಿ ಗಾಡಿ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಆಮೇಲೆ ಅದು ಮಾತಾಡಲಿಲ್ಲ. ಕೆರೆಗೆ ಹೋಗುವ ಮಾತನ್ನು ಅವಳೂ ಆಡಲಿಲ್ಲ, ಮೊನ್ನೆಯವರೆಗೆ.

"ಒಂದು ತಿಂಗಳು ಟೈಮ್ ಕೊಡ್ತೀನಿ," ಎಂದಳು ಮೊನ್ನೆ. "ನನ್ನನ್ನ ಕೆರೆಗೆ ಕರ್ಕೊಂಡ್ ಹೋಗಿ, ಇದರ ಮೇಲೇ ಕೂರಿಸಿ ವಾಪಸ್ ತಂದ್ರೆ ಗಾಡಿ ಇರ್ಲಿ. ಇಲ್ಲಾಂದ್ರೆ ಗುಜರಿಯವನಿಗೆ. ಹಿತ್ತಲಲ್ಲಿ ನನಗೆ ಬಟ್ಟೆ ಒಣಗಿಸೋಕೆ ಜಾಗ ಬೇಕು."

ಗಾಡಿ ಹೋದರೆ ಸಂಜೆ ಹೊತ್ತು ಸಾಹುಕಾರರು ಹೋಗುವುದಾದರೂ ಎಲ್ಲಿಗೆ?

ಅಂದೇ ಜೀರ್ಣೋದ್ಧಾರ ಶುರುವಾಯಿತು. ಸಾಹುಕಾರರದ್ದು ಅಂಗಿ-ರವಿಕೆಗಳ ಗುಂಡಿ ಮಾರುವ ಅಂಗಡಿ. ಅವರಪ್ಪ ಹಾಕಿಕೊಟ್ಟ ಎರಡು ಕಟ್ಟಳೆಗಳ ಮೇಲೆ ನಿಂತಿತ್ತು. ಒಂದು: ಪ್ರತಿ ಡಬ್ಬಿಯ ಮುಚ್ಚಳಕ್ಕೂ ಒಳಗಿರುವ ಗುಂಡಿಯ ಒಂದು ಸ್ಯಾಂಪಲ್ ಹೊಲಿದಿರಬೇಕು. ಎರಡು: ಆಕಾಶವೇ ಕಳಚಿ ಬಿದ್ದರೂ ಸ್ಯಾಂಪಲ್ ಕಿತ್ತು ಕೊಡಬಾರದು. ಸಾಹುಕಾರರು ಗಾಡಿ ಬಿಚ್ಚಿ ನಟ್ಟು, ಬೋಲ್ಟು, ವಾಷರುಗಳನ್ನು ಅಳತೆವಾರು ಡಬ್ಬಿಗಳಿಗೆ ಹಾಕಿದರು. ಒಂದೊಂದು ಜಾತಿಯದನ್ನು ಮುಚ್ಚಳಕ್ಕೆ ದಪ್ಪ ದಾರದಿಂದ ಹೊಲಿದರು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಮಾತ್ರ ಆ ಡಬ್ಬಿಗಳ ನಡುವೆ ತಪಸ್ವಿಯಂತೆ ಕೂತು, ಒಂದು ವಾಷರಿನ ತೂತಿನಲ್ಲಿ ಇಣುಕಿ ಇಡೀ ಕೆರೆಯನ್ನು ಕಾಣುತ್ತಿದ್ದರು.

ಎಂಜಿನ್ನಿನ ಒಂದು ಸ್ಪ್ರಿಂಗು ಮಾತ್ರ ತುಕ್ಕು ತಿಂದು ಪುಡಿಯಾಗಿತ್ತು. ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಮರುದಿನ ಹೆಂಡತಿಯ ಹೊಲಿಗೆ ಯಂತ್ರ ಕೆಟ್ಟು ಕೂತಿತು.

"ಇದರ ಸ್ಪ್ರಿಂಗ್ ಎಲ್ಲಿ?"

"ಇಲಿ ಎಳ್ಕೊಂಡು ಹೋಗಿರ್ಬೇಕು," ಎಂದರು ಸಾಹುಕಾರರು, ಡಬ್ಬಿಯಿಂದ ತಲೆ ಎತ್ತದೆ.

"ಇಲಿ ಸ್ಪ್ರಿಂಗ್ ತಿನ್ನತ್ತಾ?"

"ಈಗಿನ ಇಲಿಗಳನ್ನ ನಂಬೋ ಹಾಗಿಲ್ಲ ಕಣೇ."

ಗಡುವಿನ ಭಾನುವಾರ ಬಂತು. ಬೆಳಿಗ್ಗೆಯೇ ಗುಜರಿಯವನು ತನ್ನ ಮೂರು ಚಕ್ರದ ಸಾಮಾನು ಗಾಡಿ ತಂದು ಗೇಟಿನ ಮುಂದೆ ನಿಲ್ಲಿಸಿ, ಹೆಣ ಎತ್ತಲು ಬಂದವನಷ್ಟು ಗಂಭೀರವಾಗಿ ಕಾದ. ಮೋಟರ್‌ಸೈಕಲ್ ಪೂರ್ತಿ ಜೋಡಣೆಯಾಗಿತ್ತು. ಪೂರ್ತಿ ಎಂದರೆ, ಡಬ್ಬಿಯೊಳಗಿನದೆಲ್ಲ. ಸ್ಯಾಂಪಲ್ಲುಗಳು ಕಟ್ಟಳೆಯಂತೆ ಮುಚ್ಚಳದ ಮೇಲೇ ಇದ್ದವು. ಹತ್ತು ಬೋಲ್ಟು ಬೇಕಾದ ಕಡೆ ಒಂಬತ್ತು ಇದ್ದರೆ ಯಾವ ಗಾಡಿಯೂ ಅಳುವುದಿಲ್ಲ. ಆದರೆ ಹಿಂದಿನ ಸೀಟಿಗಿದ್ದದ್ದು ಎರಡೇ ಬೋಲ್ಟು; ಎರಡೂ ಬೇರೆ ಬೇರೆ ಅಳತೆ. ಅಂದರೆ ಎರಡೂ ಸ್ಯಾಂಪಲ್.

'ಸುಮ್ಮನೆ ಇಟ್ಟರೂ ಹೇಗೆ ಕೂತಿದೆ ನೋಡು!' ಎಂದು ಸಾಹುಕಾರರು ಸೀಟು ತಟ್ಟಿ ಮೆಚ್ಚಿಕೊಂಡರು.

ಹದಿನಾಲ್ಕನೆಯ ಒದೆತಕ್ಕೆ ಗಾಡಿ ಕೆಮ್ಮಿತು, ಗುಡುಗಿತು. ಹೆಂಡತಿ ಸೆರಗು ಸಿಕ್ಕಿಸಿ ಹಿಂದೆ ಕೂತಳು. ಸಾಹುಕಾರರು ಕ್ಲಚ್ ಬಿಟ್ಟರು. ಗಾಡಿ ಮುಂದಕ್ಕೆ ಹಾರಿತು. ಹೆಂಡತಿ, ಸೀಟು ಸಮೇತ, ಗೇಟಿನ ಮುಂದೆ ಕೂತಂತೆಯೇ ಉಳಿದಳು.

ಸಾಹುಕಾರರಿಗೆ ಇದೊಂದೂ ತಿಳಿಯದು. ಮೂಲೆ ದಾಟಿತು! ದಿಬ್ಬ ಏರಿತು! ಬೆಳಗಿನ ಬಿಸಿಲು ಜೇನಿನಂತೆ ರಸ್ತೆಗೆ ಸುರಿದಿತ್ತು. ಹೆಂಡತಿಯ ಮುಖ ಎದುರಿಗಿಲ್ಲದ ಧೈರ್ಯಕ್ಕೋ ಏನೋ, ಇಪ್ಪತ್ತೆರಡು ವರ್ಷ ಗಂಟಲಲ್ಲೇ ಇದ್ದ ಮಾತೆಲ್ಲ ಹೊರಬಂತು. ಅವಳಿಲ್ಲದಿದ್ದರೆ ತಾನು ದಾರವಿಲ್ಲದ ಗುಂಡಿ ಎಂದರು. ಅವಳು ತೌರಿಗೆ ಹೋದಾಗಲೆಲ್ಲ ಅಂಗಡಿಯಲ್ಲಿ ತಪ್ಪು ಅಳತೆ ಕೊಟ್ಟಿದ್ದನ್ನು ಒಪ್ಪಿಕೊಂಡರು. ಅವಳು ತುಟಿಪಿಟಕ್ಕೆನ್ನದೆ ಕೇಳುತ್ತಿದ್ದಳು. 'ನಾಚಿಕೆ,' ಎಂದುಕೊಂಡರು.

ಕೆರೆ ಬಂತು. ಗಾಡಿ ದಂಡೆಯ ಮೇಲೆ ನಿಟ್ಟುಸಿರು ಬಿಟ್ಟು ನಿಂತಿತು.

"ಇಳಿಯೇ, ನೋಡು," ಎಂದು ತಿರುಗಿದರು. ಹೆಂಡತಿ ಇರಲಿಲ್ಲ. ಸೀಟೂ ಇರಲಿಲ್ಲ.

ಅವರು ದಂಡೆಯ ಮೇಲೆ ಕುಸಿದು ಕೂತು, ಅವಳನ್ನು ಎಷ್ಟನೇ ಮೈಲಿನಿಂದ ಹುಡುಕಬೇಕೆಂದು ಲೆಕ್ಕ ಹಾಕುವಷ್ಟರಲ್ಲಿ ಗುಜರಿಯವನ ಗಾಡಿ ಬಂತು. ಅದರ ಹಿಂಭಾಗದಲ್ಲಿ, ಮೋಟರ್‌ಸೈಕಲ್ಲಿನ ಸೀಟಿನ ಮೇಲೆ, ಮಡಿಲಲ್ಲಿ ಎರಡು ಡಬ್ಬಿ ಇಟ್ಟುಕೊಂಡು ಹೆಂಡತಿ ಮಹಾರಾಣಿಯಂತೆ ಕೂತಿದ್ದಳು. ಇಳಿದವಳೇ ಕತ್ತರಿ ತೆಗೆದಳು.

"ಅಯ್ಯೋ, ಸ್ಯಾಂಪಲ್ ಕಣೇ!"

"ನಾನೂ ಒಂದೇ ಪೀಸು ಇರೋದು," ಎಂದು ದಾರ ಕತ್ತರಿಸಿ ಬೋಲ್ಟುಗಳನ್ನು ಅವರ ಕೈಗಿಟ್ಟಳು. "ಹಾಕಿ."

ಸೀಟು ಕೂತಿತು. ಗಾಡಿ ಮಾತ್ರ ಮೂವತ್ತು ಒದೆತಕ್ಕೂ ಏಳಲಿಲ್ಲ. ಗುಜರಿಯವನು ಹಗ್ಗ ಬಿಚ್ಚತೊಡಗಿದ. ಸಾಹುಕಾರರೊಳಗಿನ ವ್ಯಾಪಾರಿ ಆಗ ಎಚ್ಚೆತ್ತ.

"ತಡಿ. ಇದರ ಮೇಲೆ ಕೂರಿಸಿ ವಾಪಸ್ ತಂದ್ರೆ ಸಾಕು ಅಂದಿದ್ದೆ ತಾನೆ? ಇದು ಯಾವುದರ ಮೇಲಿರ್ಬೇಕು ಅಂತ ನೀನು ಹೇಳಿಲ್ಲ."

ಹೆಂಡತಿ ಕೆರೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಕೊನೆಗೆ ನಕ್ಕಳು.

ಹೀಗೆ, ಸಾಮಾನು ಗಾಡಿಯ ಮೇಲೆ ಹಗ್ಗ ಬಿಗಿದು ನಿಲ್ಲಿಸಿದ ಮೋಟರ್‌ಸೈಕಲ್ಲಿನಲ್ಲಿ ಇಬ್ಬರೂ ಮನೆಗೆ ಹೊರಟರು. ಸಾಹುಕಾರರು ಹ್ಯಾಂಡಲ್ ಹಿಡಿದು ತಿರುವಿನಲ್ಲಿ ವಾಲಿದರು. ಗಾಳಿ ನಿಜವಾದದ್ದು. ಹೆಗಲ ಮೇಲಿನ ಕೈಯೂ. ಬರುವಾಗ ನಿನಗೆ ಏನೇನೋ ಹೇಳಿದೆ, ಕೇಳೋಕೆ ನೀನೇ ಇರ್ಲಿಲ್ಲ ಎಂದು ಗೊಣಗಿದರು.

"ಬರೋವಾಗ ಏನೇನೋ ಹೇಳಿದೆ ಅಂದ್ರಲ್ಲ? ಹೇಳಿ ನೋಡೋಣ."

ಮೊದಲಿಂದ ಹೇಳಿದರು. ಗುಜರಿಯವನು ಕೇಳಿಸಲೆಂದು ಗಾಡಿ ನಿಧಾನ ಮಾಡಿದ. ಹೆಗಲ ಮೇಲಿನ ಕೈ ಮೆತ್ತಗಾಯಿತು. ಸಾಹುಕಾರರು ತೇಲಿಹೋದರು. ತೇಲುವವನಿಗೆ ತಳ ಕಾಣದು.

"ನಿನ್ನನ್ನ ಕೆರೆಗೆ ಕರ್ಕೊಂಡ್ ಬರೋಕೆ ನಾನು ಏನು ಮಾಡೋಕೂ ಹೇಸಲಿಲ್ಲ ಕಣೇ. ಆ ಇಲಿ... ಅದು ನಾನೇ."

ಹೆಗಲ ಮೇಲಿನ ಕೈ ಇಕ್ಕಳವಾಯಿತು.

ಮಾತಿಗೆ ತಪ್ಪದ ಹೆಂಗಸು. ಗಾಡಿಯನ್ನು ಹಿತ್ತಲಲ್ಲೇ ಇರಗೊಟ್ಟಳು. ಸ್ಪ್ರಿಂಗು ಮಾತ್ರ ಅಂದೇ ಹೊಲಿಗೆ ಯಂತ್ರಕ್ಕೆ ಮರಳಿತು. ಸಾಹುಕಾರರು ಈಗಲೂ ಸಂಜೆ ಕಣ್ಣು ಮುಚ್ಚಿ ಹೊರಡುತ್ತಾರೆ. ಆದರೆ ಈಗ ಹಿಂದಿನ ಸೀಟು ಕಿರ್ ಎನ್ನುತ್ತದೆ. ಹೊಲಿಗೆಯ ಬುಟ್ಟಿ ಸಮೇತ ಅವಳು ಬಂದು ಕೂರುತ್ತಾಳೆ.

"ದಿಬ್ಬ ಬಂತಾ?"

"ಬಂತು."

"ಸರಿ. ಇಲಿ ಇನ್ನೇನೇನು ಎಳ್ಕೊಂಡು ಹೋಗಿದೆ, ಹೇಳ್ತಾ ಹೋಗಿ."

ಅರ್ಧ ಗಂಟೆಯ ದಾರಿ. ಈಚೆಗೆ ಕೆರೆ ಎಷ್ಟು ಹೋದರೂ ಬರುವುದಿಲ್ಲ.