ತಿದ್ದಲು ಅವಕಾಶವಿರುವ ಬಯೊಡೇಟಾ

ಮನುಷ್ಯನ ಯೋಗ್ಯತೆಯನ್ನು ಒಂದು ಹಾಳೆಯಿಂದ ಅಳೆಯಲು ಸಾಧ್ಯವಿಲ್ಲ. ಆ ಹಾಳೆಯ ಎಡಗಡೆ ಬಿಟ್ಟ ಅಂಚನ್ನು ನೋಡಿದರೆ ಸಾಕು.

ಹುಣಸೂರಿನಲ್ಲಿ ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದ ನಾನು ಇದನ್ನು ಅಧಿಕಾರದಿಂದ ಹೇಳಬಲ್ಲೆ. ಅರ್ಜಿಯೆಂದರೆ ಹಾಳೆಯ ಕಾಲು ಭಾಗ ಖಾಲಿ ಬಿಡಬೇಕು. ಮೇಲಿನವರು ಅಲ್ಲಿ ಷರಾ ಬರೆಯುತ್ತಾರೆ, ತಿದ್ದುತ್ತಾರೆ. ಅದು ಅವರ ಹಕ್ಕು. ಕಂಪ್ಯೂಟರ್ ಬಂದು ನನ್ನ ಶಿಷ್ಯರು ಒಬ್ಬೊಬ್ಬರಾಗಿ ಕರಗಿ, ಕೊನೆಯವಳೂ ಮದುವೆಯಾಗಿ ಹೋದ ಮೇಲೆ, ಕೆ.ಆರ್. ನಗರದ ಒಂದು ಖಾಸಗಿ ಶಾಲೆಗೆ ಗುಮಾಸ್ತರು ಬೇಕೆಂದು ತಿಳಿಯಿತು. ಬಯೊಡೇಟಾವನ್ನು ಈ-ಮೇಲಿನಲ್ಲೇ ಕಳಿಸಬೇಕಂತೆ.

"ಇದೂ ಕೈ ಬುಟ್ಟೋದ್ರೆ ನಿಮ್ಮ ಮಿಷನ್ನುಗಳ ಜೊತೆ ನೀವೂ ಗುಜರಿಗೇ ಕಣ್ರೀ" ಎಂದು ಹೆಂಡತಿ ಜಯಮ್ಮ ಆಶೀರ್ವದಿಸಿದಳು.

ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನ ನಾಗರತ್ನ ನನ್ನ ಹಳೆಯ ಶಿಷ್ಯೆ. ವರ್ಡ್ ಫೈಲಿನಲ್ಲಿ ನಾನೇ ಟೈಪು ಮಾಡಿ ಮುಗಿಸಿದ ಮೇಲೆ ಅವಳು, "ಸಾ, ಪಿಡಿಎಫ್ ಮಾಡ್ಬುಡ್ತೀನಿ. ಇಲ್ದಿದ್ರೆ ಯಾರ್ ಬೇಕಾದ್ರೂ ತಿದ್ಬೋದು" ಎಂದಳು.

"ತಿದ್ದಲಿ ಅಂತಲೇ ಕಣಮ್ಮ ಅಂಚು ಬಿಟ್ಟಿರೋದು."

ಮೇಲಧಿಕಾರಿ ಕೈ ಹಾಕದಂತೆ ಅರ್ಜಿಗೆ ಬೀಗ ಜಡಿದು ಕಳಿಸುವುದು ನನ್ನ ಜಾಯಮಾನವಲ್ಲ. ವರ್ಡ್ ಫೈಲೇ ಹೋಯಿತು.

ಮೂರನೆಯ ದಿನ ಶಾಲೆಯ ಆಫೀಸಿನಿಂದ ಫೋನು. ನನ್ನ ಬಯೊಡೇಟಾದ ಅಚ್ಚುಕಟ್ಟು ಬಹಳ ಮೆಚ್ಚುಗೆಯಾಯಿತಂತೆ. ಹೇಗೆ ಬರೆಯಬೇಕೆಂದು ಕೇಳಿದ ಉಳಿದ ಅಭ್ಯರ್ಥಿಗಳಿಗೆಲ್ಲ ಅದನ್ನೇ ಮಾದರಿಯೆಂದು ಕಳಿಸಿದ್ದಾರಂತೆ. ಎರಡು ದಿನ ಜಯಮ್ಮನ ಮುಂದೆ ಎದೆಯುಬ್ಬಿಸಿ ಓಡಾಡಿದೆ.

ಸಂದರ್ಶನಕ್ಕೆ ನಾನೂ ಸೇರಿ ಆರು ಜನ. ಆರೂ ಜನರ ಕೈಯಲ್ಲಿ ನನ್ನ ಅಂಚು! ಪುಣ್ಯಾತ್ಮರು ತಂತಮ್ಮ ಹೆಸರು, ಊರು, ವಯಸ್ಸು ಹಾಕಿಕೊಳ್ಳುವಷ್ಟರಲ್ಲಿ ದಣಿದಿದ್ದರು, ಉಳಿದದ್ದನ್ನು ಮುಟ್ಟಿರಲಿಲ್ಲ. ತಂದೆಯ ಹೆಸರಿನ ಜಾಗದಲ್ಲಿ ಎಲ್ಲರಿಗೂ 'ದಿವಂಗತ ಚನ್ನಬಸಪ್ಪ'. ನನ್ನೊಬ್ಬನನ್ನೇ ಹೆತ್ತು ಸಾಕಾಯಿತೆಂದು ಕೈಮುಗಿದ ನಮ್ಮ ತಂದೆಗೆ ಆ ಬೆಳಿಗ್ಗೆ ಆರು ಗಂಡು ಮಕ್ಕಳು.

ಮೊದಲು ಹೋದವನು ಹೊಸ ಅಗ್ರಹಾರದ ಮಂಜ. ವಯಸ್ಸು ಇಪ್ಪತ್ತನಾಲ್ಕು, ಅನುಭವ ಇಪ್ಪತ್ತೆರಡು ವರ್ಷ. ತೆರೆದ ಬಾಗಿಲಿನಿಂದ ಶಾಲೆಯ ಕಾರ್ಯದರ್ಶಿಯವರ ಮರುಕದ ದನಿ ಕೇಳಿಸಿತು.

"ತಂದೆ ತೀರ್ಕೊಂಡು ಎಷ್ಟು ದಿನ ಆಯ್ತಪ್ಪ?"

"ಇಲ್ಲ ಸಾ. ಗೇಟ್ ತಾವ ಬೀಡಿ ಸೇದ್ತಾ ಕುಂತವ್ರೆ."

ನನ್ನ ಸರದಿ ಕೊನೆಯದು. ಕಾರ್ಯದರ್ಶಿಯವರು ಕನ್ನಡಕ ತೆಗೆದಿಟ್ಟು, "ಈ ವಯಸ್ಸಲ್ಲಿ ನೀವೂ ಕಾಪಿ ಹೊಡೆದ್ರಾ?" ಎಂದರು.

ನಾನು ತಲೆ ತಗ್ಗಿಸಲಿಲ್ಲ. ಅಸಲು ನನ್ನದು, ಬೇಕಾದರೆ ಸ್ಕೇಲು ತರಿಸಿ ಅಂಚು ಅಳೆಯಿರಿ ಎಂದು ಸವಾಲು ಹಾಕಿದೆ. ಸ್ಕೇಲು ಬಂತು. ಅಳೆದರು. ಆರೂ ಒಂದೇ ಅಳತೆ. ನನ್ನ ಸಾಕ್ಷ್ಯ ಅಲ್ಲಿಗೆ ಮುಗಿಯಿತು.

ನಾಗರತ್ನ ಈಗಲೂ ಪಿಡಿಎಫ್ ಎನ್ನುತ್ತಾಳೆ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಆ ಬಯೊಡೇಟಾದಲ್ಲಿ ಲೋಪವಿದ್ದಿದ್ದರೆ ಅದು ಆಯ್ಕೆಯಾಗುತ್ತಿತ್ತೆ?

ಕೆಲಸ ದಿವಂಗತ ಚನ್ನಬಸಪ್ಪನವರ ಮಗನಿಗೇ ಸಿಕ್ಕಿತು. ಹೊಸ ಅಗ್ರಹಾರದ ಮಂಜನಿಗೆ.