ಪುಗ್ಗಾದ ಮಾಮಾ

ನಮ್ಮ ಸೋದರಮಾವ ನೆಲದ ಮೇಲೆ ಇದ್ದದ್ದನ್ನು ನಾನಂತೂ ನೋಡಿಲ್ಲ! ಹಾಗೆಂದು ಅವರೇನು ಸಿದ್ಧಪುರುಷರಲ್ಲ, ಬೇಡಕಿಹಾಳದಲ್ಲಿ ಕಬ್ಬು, ತಂಬಾಕು ಬೆಳೆಯುವ ರೈತರು. ಅವರ ತಲೆಯೊಳಗೆ ಮಾತ್ರ ಸದಾ ಬಿಸಿಗಾಳಿಯ ಬಲೂನು ಹಾರುತ್ತಿರುತ್ತದೆ. ನಮ್ಮ ಕಡೆ ಅದಕ್ಕೆ ಪುಗ್ಗಾ ಎನ್ನುತ್ತೇವೆ.

ರಜೆಗೆ ಹೋದರೆ ಬೇರೆಯವರ ಮಾವಂದಿರು ರಾಜಕುಮಾರಿಯ ಕತೆ ಹೇಳುತ್ತಿದ್ದರು. ನಮ್ಮ ಮಾಮಾ ಹೇಳುತ್ತಿದ್ದದ್ದು ಫ್ರಾನ್ಸಿನ ಕುರಿಯ ಕತೆ. ಹಿಂದೆ ಅಲ್ಲಿ ಕಾಗದ ತಯಾರಿಸುವ ಮನೆತನದ ಅಣ್ಣತಮ್ಮಂದಿರು ದೊಡ್ಡ ಚೀಲಕ್ಕೆ ಬೆಂಕಿಯ ಬಿಸಿ ತುಂಬಿಸಿ, ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಅದಕ್ಕೆ ಕಟ್ಟಿ ಅರಮನೆಯ ಮುಂದೆ ಹಾರಿಸಿದರಂತೆ. ಮೂರೂ ಜೀವಂತ ಇಳಿದು ಬಂದವಂತೆ.

"ಕುರಿ ಸೈತ ಹೋಗಿಬಂತು, ನಾ ಇನ್ನೂ ಇಲ್ಲೇ ಅದೇನಿ," ಎಂದು ಮಾಮಾ ನಿಟ್ಟುಸಿರು ಬಿಡುತ್ತಿದ್ದರು.

"ಆ ಕುರಿಗಿ ಹೇಂತಿ ಇರಲಿಲ್ಲ, ಹೊಲಾ ಇರಲಿಲ್ಲ," ಎನ್ನುತ್ತಿದ್ದಳು ಅತ್ತಿ, ರೊಟ್ಟಿ ಬಡಿಯುತ್ತಲೇ.

ಮಾಮಾ ಕೇಳುವವರೇ? ಗಾಳಿಪಟದ ಕಾಗದಕ್ಕೆ ಹಿಟ್ಟಿನ ಅಂಟು ಹಚ್ಚಿ ಆಳೆತ್ತರದ ಪುಗ್ಗಾ ಮಾಡಿದರು. ಅದನ್ನು ಎತ್ತುವುದು ಹೊಗೆಯೇ ಎಂದು ಆ ಅಣ್ಣತಮ್ಮಂದಿರೂ ತಿಳಿದಿದ್ದರಂತೆ, ನಮ್ಮ ಮಾಮಾನೂ ಹಾಗೇ ತಿಳಿದರು. ದಟ್ಟ ಹೊಗೆ ಬೇಕೆಂದರೆ ನಿಪ್ಪಾಣಿ ಕಡೆಯ ಮನುಷ್ಯ ಏನು ಸುಟ್ಟಾನು? ತಂಬಾಕಿನ ಕಡ್ಡಿ! ಪುಗ್ಗಾ ಏಳುವ ಮೊದಲೇ ಓಣಿಗೆ ಓಣಿಯೇ ಸೀನತೊಡಗಿತು. ಪಕ್ಕದ ಮನೆಯ ಎಮ್ಮೆ ಗೂಟ ಕಿತ್ತುಕೊಂಡು ಓಡಿತು.

ಎತ್ತುವುದು ಹೊಗೆಯಲ್ಲ, ಕಾದ ಗಾಳಿ ಹೊರಗಿನ ಗಾಳಿಗಿಂತ ಹಗುರಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಮರುವರ್ಷ ಬೆಲ್ಲದ ಗಾಣದಲ್ಲಿ ಕೊಪ್ಪರಿಗೆ ಇಳಿಸಿದ ಒಲೆಯ ಮೇಲೆ ಪುಗ್ಗಾದ ಬಾಯಿ ಹಿಡಿಯಲು ನಮಗೆ ಹೇಳಿ, ಅದರ ನೆತ್ತಿ ಹಿಡಿಯಲು ತಾವು ಪಕ್ಕದ ತಗಡಿನ ಛಪ್ಪರ ಏರಿದರು. ಪುಗ್ಗಾ ಮೇಲೆ ಹೋಯಿತು, ಮಾಮಾ ಕೆಳಗೆ ಬಂದರು. ಅಂದಿನಿಂದ ಅವರ ಬಲ ಮೊಣಕಾಲು ಪೂರ್ತಿ ಮಡಚುವುದಿಲ್ಲ.

ಹೋದ ವರ್ಷ ನಿಪ್ಪಾಣಿ ಹತ್ತಿರದ ಮೈದಾನಕ್ಕೆ ನಿಜವಾದ ಬಲೂನು ಬಂತು. ಅದಕ್ಕೆ ಹಗ್ಗ ಕಟ್ಟಿ ಜನರನ್ನು ಮೇಲೇರಿಸಿ ಇಳಿಸುತ್ತಿದ್ದರು. ಮಾಮಾ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಹಳದಿ ಪಟಗಾ ಸುತ್ತಿ, ಮದುಮಗನ ಹಾಗೆ ಹೊರಟರು. ಅತ್ತಿಯನ್ನೂ ನನ್ನನ್ನೂ ಎಳೆದುಕೊಂಡೇ ಹೋದರು.

ಜನ ನಿಲ್ಲುವ ಬೆತ್ತದ ಬುಟ್ಟಿಗೆ ಬಾಗಿಲೇ ಇರಲಿಲ್ಲ. ಎದೆಮಟ್ಟದ ಅಂಚನ್ನು ಹತ್ತಿ ದಾಟಬೇಕು. ಮಾಮಾನ ಮೊಣಕಾಲು ಏಳಲಿಲ್ಲ. ಇಬ್ಬರು ಎತ್ತಲು ನೋಡಿದರು, ನೋವಿಗೆ ಮಾಮಾನೇ ಬೇಡವೆಂದರು. ಬುಟ್ಟಿಯ ಅಂಚನ್ನು ಒಮ್ಮೆ ಸವರಿ ಹಿಂದೆ ಸರಿದರು.

"ನೀ ಹೋಗು," ಎಂದರು ಅತ್ತಿಗೆ. "ನೋಡಿಬಂದ ನನಗ ಹೇಳು."

ಅತ್ತಿ ಅಟ್ಟ ಹತ್ತಲೂ ಅಂಜುವವಳು. ಗಂಡನ ಮುಖ ನೋಡಿದಳು, ಸೆರಗು ಸಿಕ್ಕಿಸಿದಳು, ಹತ್ತಿಯೇ ಬಿಟ್ಟಳು. ನಾನೂ ಹಿಂದೆ ಹತ್ತಿದೆ.

ಬೆಂಕಿ ಭುಸ್ಸೆಂದಿತು, ನೆಲ ಕೆಳಗಿಳಿಯಿತು. ಅತ್ತಿ ನನ್ನ ತೋಳು ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಅತ್ತಿ, ಒಮ್ಮೆ ನೋಡಬೇ," ಎಂದೆ.

"ಸುಮ್ನಿರೋ. ಮೊದಲ ನೆಲಾ ಬರಲಿ."

ನೆಲ ಮುಟ್ಟುವವರೆಗೂ ಅವಳು ಕಣ್ಣು ತೆರೆಯಲಿಲ್ಲ.

ಮಾಮಾ ಕುಂಟುತ್ತ ಓಡಿ ಬಂದರು. "ಏನೇನ ಕಾಣಿಸ್ತು?"

"ಏನ ಕಾಣಲಿಲ್ಲ ಅಂತ ಕೇಳ್ರಿ," ಎಂದಳು ಅತ್ತಿ. "ನಮ್ಮ ಹೊಲಾ ಕಾಣಿಸ್ತ್ರಿ. ದೂಧಗಂಗಾ ಹೊಳಿ ನಮ್ಮವ್ವನ ಡಾಬಿನಂಗ ಹೊಳ್ಯಾಕತ್ತಿತ್ತು. ಉಗಾರದ ಫ್ಯಾಕ್ಟರಿ ಚಿಮಣಿ ಸೈತ ಕಾಣಿಸ್ತ್ರಿ."

ಉಗಾರ ಎಲ್ಲಿ, ನಾವೆಲ್ಲಿ! ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿ ನನ್ನ ಕಾಲು ತುಳಿದಳು. ಈ ಸೀಮೆಯ ದಾರಿಯೆಲ್ಲ ಬಲ್ಲ ಮಾಮಾ ಮಾತ್ರ, "ಮತ್ತೇನ ಕಾಣಿಸ್ತು?" ಎಂದರು.

ಈಗಲೂ ಸಂಜೆ ಚಹಾದ ಹೊತ್ತಿಗೆ ಮಾಮಾ ಕೇಳುತ್ತಾರೆ, ಅತ್ತಿ ಹೇಳುತ್ತಾಳೆ. ಪ್ರತಿ ಸಲ ಹೊಸದೇನಾದರೂ ಸೇರುತ್ತದೆ. ಮೊನ್ನೆ ಮಾಮಾನ ನೋಯುವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಅವಳು, "ಅಷ್ಟ ಮಂದ್ಯಾಗ ನಿಮ್ಮ ಹಳದಿ ಪಟಗಾ ಒಂದ ಎದ್ದ ಕಾಣತಿತ್ತ್ರಿ," ಎಂದಳು. ಮಾಮಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

"ಇನ್ನಷ್ಟ ಮ್ಯಾಲ ಹೋಗು," ಎಂದರು.