ಅಕ್ಕನ ಷರತ್ತು, ಕ್ಲಿಪ್ಪಿನ ಚಾಕು

ಕೆಲವರ ಮನೆಗೆ ಹೇಳದೆ ಕೇಳದೆ ನೆಂಟರು ಬರುತ್ತಾರೆ. ನನಗೆ ಪ್ರಸಂಗಗಳು ಬರುತ್ತವೆ. ನಾನು ಕರೆಯುವುದಿಲ್ಲ, ಅವು ಬರುವುದನ್ನು ಬಿಡುವುದಿಲ್ಲ.

ಮೂವತ್ತು ವರ್ಷ ನಾನು ತೆಂಗಿನ ನಾರು ಬಿಡಿಸುವ ಮೆಷಿನ್ ಮಾರುವ ಕಂಪನಿಯಲ್ಲಿದ್ದೆ. ಶ್ರೀಲಂಕಾ, ಘಾನಾ, ವಿಯೆಟ್ನಾಂ, ಎಲ್ಲೆಲ್ಲಿ ತೆಂಗು ಬೆಳೆಯುತ್ತದೋ ಅಲ್ಲೆಲ್ಲ ನನ್ನ ಚಪ್ಪಲಿ ಸವೆದಿದೆ. ಈಗ ಅರವತ್ತೆರಡು. ಕಡೂರಿನಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಅಂದರೆ ನನ್ನ ಪೆಟ್ಟಿಗೆ ಅಲ್ಲಿದೆ. ನಾನು ವಾರದಲ್ಲಿ ನಾಲ್ಕು ದಿನ ಅಜ್ಜಂಪುರ, ತರೀಕೆರೆ ಕಡೆ ಯಾರದೋ ಕೆಟ್ಟ ಮೆಷಿನ್ ಮುಂದೆ ಕೂತಿರುತ್ತೇನೆ.

ಕೂತಾಗ ಜೊತೆಗೊಂದು ಚಾಕು ಬೇಕು. ಡ್ರಮ್ಮಿಗೆ ಸುತ್ತಿಕೊಂಡ ನಾರನ್ನು ಕೊಯ್ಯಲು. ನನ್ನದು ವಿಯೆಟ್ನಾಮಿನ ಸಂತೆಯಲ್ಲಿ ಕೊಂಡದ್ದು. ಮಡಚಿದರೆ ನಡುಬೆರಳಿನಷ್ಟುದ್ದ, ಬೆನ್ನಿಗೆ ಪೆನ್ನಿನ ಕ್ಯಾಪಿಗೆ ಇರುವಂಥ ಕ್ಲಿಪ್ಪು. ಜೇಬಿನ ಅಂಚಿಗೆ ಸಿಕ್ಕಿಸಿಕೊಂಡರೆ ಕಳೆಯುವುದೇ ಇಲ್ಲ ಎಂದು ಮಾರಿದವಳು ಕೈಸನ್ನೆಯಲ್ಲಿ ಹೇಳಿದ್ದಳು.

ಈ ವರ್ಷ ಗೌರಿ ಹಬ್ಬದ ಹಿಂದಿನ ದಿನ ನಾನು ಅಕ್ಕನ ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಬಂದೆ. ಅದು ಮೂರನೆಯದು. ಅದೇ ದಿನ ವಿಯೆಟ್ನಾಮಿನಿಂದ ಹಳೆಯ ಸಹೋದ್ಯೋಗಿಯ ಫೋನು: ದೀಪಾವಳಿ ಮುಗಿಸಿಕೊಂಡು ಬಾ, ಒಂದು ತಿಂಗಳು ಇದ್ದು ಹೋಗು ಅಂತ.

ಅಕ್ಕ ನಿವೃತ್ತ ಪ್ರೈಮರಿ ಸ್ಕೂಲ್ ಮೇಡಂ. ಎರಡೂ ವಿಷಯವನ್ನು ಒಟ್ಟಿಗೆ ವಿಚಾರಣೆಗೆ ತೆಗೆದುಕೊಂಡಳು.

"ನಿಂಗೆ ಮರೆವು ಸುರುವಾಗಿದೆ ಕಣೇ. ಒಬ್ಳನ್ನೇ ಅಷ್ಟು ದೂರ ಕಳಿಸಲ್ಲ."

"ಮೂವತ್ತು ವರ್ಷ ಒಬ್ಳೇ ಹೋಗಿದ್ದೀನಲ್ಲಕ್ಕ."

"ಆಗ ನನ್ನ ಕೊಡೆ ಮನೇಲಿತ್ತು."

ಆಮೇಲೆ ತೀರ್ಪು ಬಂತು. "ನಿನ್ನ ಆ ಚಾಕು ದೀಪಾವಳಿ ತನಕ ಕಳೀದೆ ಇದ್ರೆ ಒಬ್ಳೇ ಹೋಗು. ದಿನಾ ಸಂಜೆ ತೋರಿಸ್ಬೇಕು. ಕಳೆದ್ಯೋ, ನಾನೂ ಬತ್ತೀನಿ."

ಅಕ್ಕ ಬರುವುದೆಂದರೆ ಕುಕ್ಕರ್ ಬರುತ್ತದೆ. ಎರಡು ಕೇಜಿ ಚಟ್ನಿಪುಡಿ ಬರುತ್ತದೆ. ಸಂಜೆ ಆರಕ್ಕೆ ರೂಮು ಸೇರಬೇಕೆಂಬ ಕಾನೂನು ಬರುತ್ತದೆ. ಅಕ್ಕನ ಮಾತು ಮೀರುವುದನ್ನು ನಾನು ಯಾವ ದೇಶದಲ್ಲೂ ಕಲಿಯಲಿಲ್ಲ. ಒಪ್ಪಿಕೊಂಡೆ.

ಜೇಬು

ಪ್ಯಾಂಟು ಹಾಕುತ್ತಿದ್ದ ದೇಶಗಳಲ್ಲಿ ತೊಂದರೆ ಇರಲಿಲ್ಲ. ಕಡೂರಿಗೆ ಬಂದಮೇಲೆ ಸೀರೆ. ಸೀರೆಗೆ ಜೇಬಿಲ್ಲ. ಚಾಕುವನ್ನು ಸೊಂಟದಲ್ಲಿ ನೆರಿಗೆಗೆ ಸಿಕ್ಕಿಸಿಕೊಂಡೆ. ಕ್ಲಿಪ್ಪು ಗಟ್ಟಿಯಾಗಿ ಕಚ್ಚಿಕೊಂಡಿತು. ಇನ್ನು ಕಳೆಯುವ ಮಾತೇ ಇಲ್ಲ ಅಂದುಕೊಂಡೆ.

ಅಜ್ಜಂಪುರದ ಹತ್ತಿರದ ಒಂದು ಶೆಡ್ಡಿನಲ್ಲಿ ಡ್ರಮ್ಮು ಸಿಕ್ಕಿಹಾಕಿಕೊಂಡಿತು. ಚಾಕು ಎಳೆದೆ. ಬಂತು. ಅದರ ಹಿಂದೆ ನೆರಿಗೆಯೂ ಬಂತು, ಒಂದೂ ಉಳಿಯದಂತೆ. ಮೆಷಿನ್ ನಡೆಸುತ್ತಿದ್ದವನು ಮರ್ಯಾದಸ್ಥ. ತಕ್ಷಣ ಚಾವಣಿಯ ಶೀಟುಗಳನ್ನು ಎಣಿಸತೊಡಗಿದ. ಎಣಿಸುತ್ತಲೇ ಕೇಳಿದ: "ಅಕ್ಕಾ, ಲೈಟ್ ಆಫ್ ಮಾಡ್ಲಾ?"

ಚಾಕು ಮಾತ್ರ ಕೈಯಲ್ಲೇ ಇತ್ತು. ಷರತ್ತಿನ ಪ್ರಕಾರ ಆ ದಿನ ನಾನು ಪಾಸು.

ಮಾರನೆಯ ದಿನ ಚೂಡಿದಾರದ ಬಟ್ಟೆ ಹಿಡಿದುಕೊಂಡು ಕಡೂರಿನ ದರ್ಜಿಯ ಹತ್ತಿರ ಹೋದೆ. ಟಾಪಿಗೆ ಬಲಗಡೆ ಒಂದು ಗಟ್ಟಿ ಜೇಬು ಬೇಕು ಅಂದೆ.

"ಹೆಣ್ಮಕ್ಕಳ ಟಾಪಿಗೆ ಜೇಬಿಟ್ರೆ ಫಿಟ್ಟಿಂಗ್ ಹೋಗ್ತದೆ ಕಣಕ್ಕ."

"ನನ್ನ ಫಿಟ್ಟಿಂಗ್ ಹೋಗಿ ಬಹಳ ಕಾಲ ಆಯ್ತಪ್ಪ. ನೀನು ಜೇಬು ಹೊಲಿ."

"ಮೊಬೈಲ್ ಇಡಾಕಾ? ಸಣ್ಣದು ಸಾಕಲ್ಲ?"

"ಮೊಬೈಲಿಗಲ್ಲ. ಚಾಕುಗೆ."

ಅಳತೆ ಟೇಪು ನನ್ನ ಭುಜದ ಮೇಲೆ ನಿಂತಿತು. "ಯಾವಾಗ್ಲೂ ಇಟ್ಕೊಂಡಿರ್ತೀರಾ?"

"ಯಾವಾಗ್ಲೂ."

"ಬುಧವಾರ ಕೊಟ್ಬಿಡ್ತೀನಿ," ಅಂದ.

ಬುಧವಾರ ಬೆಳಿಗ್ಗೆ ಹೋದರೆ ಇಸ್ತ್ರಿ ಸಮೇತ ರೆಡಿ ಇತ್ತು. ಆತ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದು ನಮ್ಮ ಬೀದಿಯ ತಿಳಿವಳಿಕೆಯಲ್ಲಿ ಅದೇ ಮೊದಲು. ಈಗ ಅಕ್ಕಪಕ್ಕದವರೆಲ್ಲ ತಮ್ಮ ಬ್ಲೌಸುಗಳನ್ನೂ ನನ್ನ ಕೈಯಲ್ಲೇ ಕಳಿಸುತ್ತಾರೆ.

ಕೈಗೆ ಕೊಡಬಾರದು

ಜೇಬಾಯಿತು. ಆದರೆ ಚಾಕು ಕಳೆಯುವುದು ಜೇಬಿನಲ್ಲಿದ್ದಾಗ ಅಲ್ಲ, ಯಾರಾದರೂ ಒಂದ್ನಿಮಿಷ ಕೊಡಿ ಅಂದಾಗ. ಅದರಲ್ಲೂ ನಮ್ಮ ಸೀಮೆಯಲ್ಲಿ ಚಾಕುವನ್ನು ಯಾರೂ ಕೈಗೆ ಕೊಡುವುದಿಲ್ಲ, ಕೈಯಿಂದ ಇಸಿದುಕೊಳ್ಳುವುದೂ ಇಲ್ಲ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ದಾಟಿದರೆ ಇಬ್ಬರಿಗೂ ಜಗಳವಾಗುತ್ತದೆ.

ಚೌಳಹಿರಿಯೂರಿನಲ್ಲಿ ಒಬ್ಬರ ನಾರಿನ ಶೆಡ್ಡು. ಯಜಮಾನ, ಅವನ ಭಾಮೈದ, ಇಬ್ಬರೇ ಸೇರಿ ನಡೆಸುತ್ತಾರೆ. ಯಜಮಾನ ಮೂಟೆಯ ದಾರ ಕೊಯ್ಯಲು ಚಾಕು ಕೇಳಿದ. ನಾನು ಕೈ ಚಾಚಿದೆ. "ಕೆಳಗಿಡಿ ಮೇಡಂ," ಅಂದ. ಇಟ್ಟೆ. ಎತ್ತಿಕೊಂಡ. ಕೆಲಸ ಮುಗಿಸಿ ಅವನೂ ಕೆಳಗಿಟ್ಟ. ಅಷ್ಟರಲ್ಲಿ ನನಗೊಂದು ಫೋನು ಬಂದಿತ್ತು, ನೋಡಲಿಲ್ಲ. ಕೆಳಗೆ ಅಂದರೆ ನೆಲವಲ್ಲ, ನಾರಿನ ರಾಶಿ. ನಾರೂ ಕಂದು, ಚಾಕುವಿನ ಹಿಡಿಯೂ ಕಂದು. ಭಾಮೈದ ಬಂದು ಅದರ ಮೇಲೆ ಇನ್ನೊಂದು ಕುಕ್ಕೆ ನಾರು ಸುರಿದ.

"ಇಲ್ಲೇ ಇಟ್ಟಿದ್ನಲ್ಲ!"

"ಹೇಳ್ಬೇಕಲ್ಲ ಭಾವ."

"ಕಣ್ಣಿಲ್ವೇನ್ಲಾ ನಿಂಗೆ?"

"ನಮ್ಮಕ್ಕನ್ನ ನಿಂಗೆ ಕೊಡೋವಾಗ ಇರ್ಲಿಲ್ಲ. ಈಗ ಚೆನ್ನಾಗಿ ಕಾಣ್ತದೆ."

ಅಲ್ಲಿಂದ ಮಾತು ಮದುವೆಯ ದಿನ ಪಾಯಸ ಸಾಲದೆ ಹೋದದ್ದಕ್ಕೆ ಹೋಯಿತು, ಯಾರ ಕಡೆಯವರು ಎರಡೆರಡು ಸಲ ಹಾಕಿಸಿಕೊಂಡರು ಎಂಬುದಕ್ಕೆ ಹೋಯಿತು. ರಾಶಿಯನ್ನು ನಾನೊಬ್ಬಳೇ ಕೆದಕುತ್ತಿದ್ದೆ. ನನ್ನ ಕಣ್ಣಿಗೆ ನಾರು ಕಾಣುತ್ತಿರಲಿಲ್ಲ, ವಿಯೆಟ್ನಾಮಿನ ರೂಮಿನಲ್ಲಿ ಕೂಗುವ ಕುಕ್ಕರ್ ಕಾಣುತ್ತಿತ್ತು. ಎರಡು ಗಂಟೆಯ ಮೇಲೆ ಚಾಕು ಸಿಕ್ಕಿತು. ಆ ಹೊತ್ತಿಗೆ ಭಾಮೈದ ಟವೆಲ್ ಹೆಗಲಿಗೆ ಎಸೆದುಕೊಂಡು, ಇನ್ನು ನಿನ್ನ ಮನೆ ಹೊಸಿಲು ತುಳಿಯಲ್ಲ ಎಂದು ಹೊರಟೇಹೋಗಿದ್ದ.

ಯಜಮಾನ ಬೆವರು ಒರೆಸಿಕೊಂಡು ಹತ್ತಿರ ಬಂದು ಸಮಾಧಾನದಿಂದ ಹೇಳಿದ: "ಸಿಕ್ತಲ್ಲ, ಬಿಡಿ ಮೇಡಂ. ಕೈಗೇನಾದ್ರೂ ಕೊಟ್ಟಿದ್ರೆ ಸುಮ್ನೆ ಜಗಳ ಆಗ್ತಿತ್ತು."

ಅವತ್ತು ಸಂಜೆಯೇ ಚಾಕುವಿನ ಬಾಲಕ್ಕೆ ಒಂದು ಗೇಣು ಕೆಂಪು ರಿಬ್ಬನ್ ಕಟ್ಟಿದೆ.

ಬಿಗಿ

ದಸರೆಯ ಹೊತ್ತಿಗೆ ಕ್ಲಿಪ್ಪು ಸಡಿಲವಾಯಿತು. ತರೀಕೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಇದರ ಸ್ಕ್ರೂ ಸ್ವಲ್ಪ ಬಿಗಿ ಮಾಡಿಕೊಡಿ, ಇದು ಕಳೆದರೆ ನನ್ನ ಬಾಳು ಹಾಳು ಅಂದೆ. ಅಂಗಡಿಯವರು ವಯಸ್ಸಾದವರು, ಮಾತನ್ನು ಹಗುರವಾಗಿ ತೆಗೆದುಕೊಳ್ಳುವವರಲ್ಲ. ಕ್ಲಿಪ್ಪನ್ನು ಇಕ್ಕಳದಲ್ಲಿ ಬಗ್ಗಿಸಿದರು, ಸ್ಕ್ರೂ ತಿರುಗಿಸಿದರು, ತಾವೇ ನನ್ನ ಜೇಬಿನ ಅಂಚಿಗೆ ಒತ್ತಿ ಕೂರಿಸಿ, "ಇನ್ನು ಇದು ಹೋದ್ರೆ ನನ್ನ ಕೇಳಮ್ಮ," ಅಂದರು.

ಹೋಗಲಿಲ್ಲ. ಬರಲೂ ಇಲ್ಲ. ಅವರೂ ಎಳೆದರು, ಅಂಗಡಿಗೆ ಮೊಳೆ ಕೊಳ್ಳಲು ಬಂದಿದ್ದ ಹೆಂಗಸೂ ಎಳೆದಳು. ಕೊನೆಗೆ ಜೇಬನ್ನೇ ಕೊಯ್ಯಬೇಕು ಎಂದು ತೀರ್ಮಾನವಾಯಿತು. ಕೊಯ್ಯಲು ಚಾಕು ಬೇಕು. ಅಂಗಡಿಯವರು ಸುತ್ತ ನೋಡಿ ಕೇಳಿದರು: "ನಿಮ್ಮ ಹತ್ರ ಇದ್ಯಾಮ್ಮ?"

ತೊಟ್ಟಿಲು

ಎಮ್ಮೆದೊಡ್ಡಿ ಕಡೆ ಪರಿಚಯದವರ ಮನೆಯಲ್ಲಿ ಕೂಸು ಹುಟ್ಟಿತ್ತು. ಕ್ಲಿಪ್ಪು ಸ್ವಲ್ಪ ಸಡಿಲಿಸಿ, ಕೊಯ್ದ ಜೇಬನ್ನು ಮತ್ತೆ ಹೊಲಿಸಿಕೊಂಡು ನೋಡಲು ಹೋದೆ. ತಂದಿದ್ದ ಉಡುಗೊರೆಯ ದಾರ ಕೊಯ್ದು, ಚಾಕು ಮಡಚಿ ಕಿಟಕಿಯಲ್ಲಿಟ್ಟು, ಕಾಫಿ ಕುಡಿದೆ. ಬಸ್ಸಿಗೆ ಬಂದು ನಿಂತಾಗ ಜೇಬು ಖಾಲಿ. ಓಡಿದೆ.

ಕಿಟಕಿಯಲ್ಲಿ ಚಾಕು ಇಲ್ಲ. ತೊಟ್ಟಿಲಿನಿಂದ ಕೆಂಪು ರಿಬ್ಬನ್ ಇಳಿಬಿದ್ದಿತ್ತು. ಕೂಸಿನ ಅಜ್ಜಿ ನನ್ನ ಚಾಕುವನ್ನು ತೊಟ್ಟಿಲ ಹಾಸಿಗೆಯ ಅಂಚಿಗೆ ಭದ್ರವಾಗಿ ಸಿಕ್ಕಿಸಿದ್ದರು. ಹಸುಗೂಸಿನ ಹತ್ತಿರ ಕಬ್ಬಿಣ ಇದ್ದರೆ ಗಾಳಿ, ದೃಷ್ಟಿ ಸುಳಿಯುವುದಿಲ್ಲ.

"ಅಜ್ಜಿ, ಅದು ನಂದು."

"ಗೊತ್ತು ಕಣವ್ವ. ಹುಲ್ಲು ಕುಯ್ಯೋ ಕುಡ್ಲು ಇಟ್ಟಿದ್ವಿ, ಜಾರಿ ಜಾರಿ ಬೀಳ್ತಿತ್ತು. ಇದಕ್ಕೆ ಕ್ಲಿಪ್ಪೈತೆ, ನೋಡು ಹೆಂಗೆ ಕೂತೈತೆ. ಹೆಸರಿಡೋ ತನಕ ತಗೀಬಾರ್ದು."

ಹೆಸರಿಡುವುದು ಎಂಟು ದಿನದ ಮೇಲೆ. ಸಂಜೆ ಅಕ್ಕ ಕೈ ಚಾಚಿ "ತೋರ್ಸು" ಅಂದಳು. ನಡೆದದ್ದು ಹೇಳಿದೆ. ಎಲ್ಲಿದೆ ಎಂದು ಗೊತ್ತಿರುವ ವಸ್ತು ಕಳೆದುಹೋದಂತೆಯೋ ಅಲ್ಲವೋ? ಅಕ್ಕ ಕನ್ನಡಕ ತೆಗೆದು ಯೋಚಿಸಿದಳು. "ಕಳೆದಿಲ್ಲ," ಅಂದಳು ಕೊನೆಗೆ. "ಡೆಪ್ಯುಟೇಶನ್ ಮೇಲೆ ಹೋಗಿದೆ."

ಒಂಬತ್ತನೆಯ ದಿನ ಚಾಕು ತರಲು ಹೋದೆ. ತಟ್ಟೆಯಲ್ಲಿಟ್ಟು ತಂದರು. ಚಾಕುವಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ, ಒಂದು ತೆಂಗಿನಕಾಯಿ, ಒಂದು ಬ್ಲೌಸ್ ಪೀಸು. ನಾನು ಬ್ಲೌಸ್ ಪೀಸಿಗೆ ಕೈ ಹಾಕಿದೆ. ಅಜ್ಜಿ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ಅದು ಚಾಕುಗೆ ಕಣವ್ವ. ಎಂಟು ದಿನ ಕೂಸು ಕಾದಿದ್ದು ಅದು. ನೀನು ಕಾಫಿ ಕುಡ್ಕೊಂಡು ಹೋದೆ."

ಶಿವನಿ ಸ್ಟೇಷನ್

ದೀಪಾವಳಿಯ ಹಿಂದಿನ ದಿನ. ಷರತ್ತಿನ ಕೊನೆಯ ದಿನ. ಶಿವನಿಯಲ್ಲಿ ನೆಂಟರ ಮನೆಯ ಸೀಮಂತ, ಅಕ್ಕ ನಾನು ಇಬ್ಬರೂ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಅಕ್ಕ ಪಕ್ಕದವರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಪಾಸ್‌ಪೋರ್ಟ್ ಮಾಡ್ಸಿಟ್ಟಿದ್ದೀನಿ. ಇವಳು ಇವತ್ತು ಮನೆ ಸೇರೋದ್ರೊಳಗೆ ಎಲ್ಲಾದ್ರೂ ಬೀಳಿಸ್ತಾಳೆ, ನೋಡ್ತಿರಿ."

ಎರಡನೆಯ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅಲ್ಲಿಂದ ಮುಂದೆ ನನ್ನ ಬಲಗೈ ಜೇಬು ಬಿಟ್ಟು ಕದಲಲಿಲ್ಲ. ಎಡಗೈಯಲ್ಲೇ ತಾಂಬೂಲ ತೆಗೆದುಕೊಂಡು ಇಬ್ಬರು ಹಿರಿಯರಿಂದ ಬೈಸಿಕೊಂಡೆ.

ನಾಲ್ಕು ಗಂಟೆಯ ರೈಲಿಗೆ ಸ್ಟೇಷನ್ನಿಗೆ ಬಂದೆವು. ಅಕ್ಕ ಮರದ ಕೆಳಗಿನ ಬೆಂಚಿನಲ್ಲಿ ಕೂತು, ಪಕ್ಕದ ಹೆಂಗಸಿನ ಸೊಸೆಯ ವಿಷಯ ವಿಚಾರಿಸುತ್ತಿದ್ದಳು. ನಾನು ನಿಂತೇ ಇದ್ದೆ, ಕೂತರೆ ಕ್ಲಿಪ್ಪು ಜಾರುತ್ತದೆ. ರೈಲು ಬಂತು. ಜೇಬು ಮುಟ್ಟಿಕೊಂಡೆ, ಇತ್ತು. ಹತ್ತಿದೆ. ಮುಟ್ಟಿಕೊಂಡೆ, ಇತ್ತು. ಕಿಟಕಿಯ ಸೀಟು ಸಿಕ್ಕಿತು. ಕೂತು, ಚಾಕು ಹೊರಗೆ ತೆಗೆದು, ಎರಡು ಕೈಯಲ್ಲೂ ಹಿಡಿದುಕೊಂಡೆ. ರೈಲು ಹೊರಟಿತು. ಎದುರು ಸೀಟಿನ ಹೆಂಗಸು ತನ್ನ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಹೆದರಬೇಡಮ್ಮ ಎಂದು ಷರತ್ತಿನ ಕತೆಯನ್ನೆಲ್ಲ ಹೇಳಿದೆ. ಆಕೆಗೆ ಬಹಳ ಹಿಡಿಸಿತು.

"ಹಂಗಾದ್ರೆ ಒಬ್ರೇ ಹೊರಟ್ರಿ ಅನ್ನಿ!"

"ಒಬ್ಳೇ," ಅಂದೆ. ಎರಡು ತಿಂಗಳಲ್ಲಿ ಅಷ್ಟು ನೆಮ್ಮದಿಯಿಂದ ನಾನು ಯಾವ ಮಾತನ್ನೂ ಆಡಿರಲಿಲ್ಲ.

ಫೋನು ಬಂತು. ಅಕ್ಕ.

"ಚಾಕು ಇದೆಯೇನೇ?"

"ಇದೆ ಅಕ್ಕ. ಕೈಯಲ್ಲೇ ಹಿಡ್ಕೊಂಡಿದ್ದೀನಿ."

"ಸಂತೋಷ. ನಾನೆಲ್ಲಿದ್ದೀನಿ?"

ಪಕ್ಕದ ಸೀಟು ನೋಡಿದೆ. ಅಲ್ಲಿ ಯಾರದೋ ಬಾಳೆಗೊನೆ ಇತ್ತು. ಕಿಟಕಿಯಾಚೆ ಅಜ್ಜಂಪುರದ ಬೋರ್ಡು ನಿಧಾನವಾಗಿ ಬಂತು.

"ಅಕ್ಕ, ಇಲ್ಲೇ ಇಳಿದು ವಾಪಸ್ ಬತ್ತೀನಿ."

"ನೀನು ಇನ್ನೆಲ್ಲೂ ಇಳೀಬೇಡ, ಹತ್ತಲೂ ಬೇಡ. ಸೀದಾ ಮನೆಗೆ ಹೋಗಿ ಕೂತ್ಕೋ. ನಾನು ಬಸ್ಸಿಗೆ ಬತ್ತೀನಿ."

ಅಕ್ಕ ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಚಪ್ಪಲಿ ಬಿಟ್ಟಳು, ಕಾಲು ತೊಳೆದಳು, ಒಂದು ಚೊಂಬು ನೀರು ಕುಡಿದಳು. ನಾನು ಚಾಕುವನ್ನು ಅವಳ ಮುಂದೆ ಟೇಬಲ್ಲಿನ ಮೇಲಿಟ್ಟೆ. ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಗೆದ್ದೆ ಕಣೇ. ಒಬ್ಳೇ ಹೋಗು."

"ಕೋಪಾನಾ ಅಕ್ಕ?"

"ಕೋಪ ಯಾಕೆ? ಶಿವನಿ ಆಗಿದ್ದಕ್ಕೆ ಬಸ್ ಸಿಕ್ತು. ವಿಯೆಟ್ನಾಮಲ್ಲಿ ಬಿಟ್ಟು ಬಂದಿದ್ರೆ ನಾನೇನು ಹತ್ಕೊಂಡು ಬರ್ತಿದ್ದೆ?"